ಘಟ್ಟದ ಮೇಲೊಂದು ಓದು, ಕೆಳಗೊಂದು ಓದು

(ಶಿರಸಿಯ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಕಾದಂಬರಿಯ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಕಾದಂಬರಿಗಿಂತ ಅದನ್ನು ಓದಿದವರ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ವಿಮರ್ಶಕರು ಏನಂದರು ಅನ್ನುವುದು ಹುಡುಕಿದರೆ ಎಲ್ಲಾದರೂ ಸಿಗುತ್ತದೆ. ಬಸ್ಸಿನಲ್ಲಿ ಕೂತು ಓದಿದವರು, ಕುಕ್ಕರ್ ಕೂಗುವುದರೊಳಗೆ ಎರಡು ಪುಟ ಮುಗಿಸಿದವರು ಏನಂದರು ಅನ್ನುವುದನ್ನು ಯಾರೂ ಬರೆದಿಡುವುದಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ.

ನಾವು ಓದಿದ್ದು ಡೀಲಿಯಾ ಓವೆನ್ಸ್ ಅವರ 'ವೇರ್ ದ ಕ್ರಾಡ್ಯಾಡ್ಸ್ ಸಿಂಗ್'. 2018ರಲ್ಲಿ ಬಂತು. ಲೇಖಕಿ ವನ್ಯಜೀವಿ ವಿಜ್ಞಾನಿ, ಆಫ್ರಿಕದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಮೊದಲ ಕಾದಂಬರಿ ಹೊರಬಂದಾಗ ಅವರಿಗೆ ಎಪ್ಪತ್ತು ಹತ್ತಿರ. ಇಲ್ಲಿ ಹಿಂದಿನ ಸಾಲಿನಲ್ಲಿ ಕೂತು 'ಇನ್ನು ನಮ್ಮ ಕೈಲಿ ಎಲ್ಲಿ ಬರೆಯೋಕಾಗ್ತದೆ' ಅನ್ನುವವರು ಇದನ್ನು ಸ್ವಲ್ಪ ಗಮನಿಸಬೇಕು. ಪುಸ್ತಕ ಒಂದೂವರೆ ಕೋಟಿಗೂ ಹೆಚ್ಚು ಪ್ರತಿ ಹೋಯಿತು, 2022ರಲ್ಲಿ ಸಿನಿಮಾ ಆಯಿತು.

ಕಥೆ ಅಮೆರಿಕದ ನಾರ್ತ್ ಕ್ಯಾರೊಲಿನಾದ ಕರಾವಳಿಯದು. ಜೌಗು ನೆಲ, ಹಿನ್ನೀರು, ಹಕ್ಕಿಗಳು. ಕಾಯಾ ಅಂತ ಒಬ್ಬ ಹುಡುಗಿ. 1952ರಲ್ಲಿ ಅವಳಿಗೆ ಆರು ವರ್ಷ. ತಾಯಿ ಮನೆ ಬಿಟ್ಟು ಹೋಗುತ್ತಾಳೆ. ಅಕ್ಕಂದಿರು, ಅಣ್ಣಂದಿರು ಒಬ್ಬೊಬ್ಬರಾಗಿ ಹೋಗುತ್ತಾರೆ. ಕೊನೆಗೆ ಕುಡುಕ ಅಪ್ಪನೂ ನಾಪತ್ತೆ. ಹುಡುಗಿ ಒಬ್ಬಳೇ ಆ ನೀರು-ಕೆಸರಿನ ನಡುವೆ ಬೆಳೆಯುತ್ತಾಳೆ. ಇದು ಒಂದು ಎಳೆ. ಇನ್ನೊಂದು ಎಳೆ 1969ರದು. ಚೇಸ್ ಆಂಡ್ರ್ಯೂಸ್ ಅನ್ನುವ ಊರಿನ ಶ್ರೀಮಂತರ ಮಗ ಒಂದು ಹಳೇ ಗೋಪುರದ ಬುಡದಲ್ಲಿ ಸತ್ತು ಬಿದ್ದಿದ್ದಾನೆ. ಅನುಮಾನ ಆ ಹುಡುಗಿಯ ಮೇಲೆ. ಒಂದು ಅಧ್ಯಾಯ ಅಲ್ಲಿ, ಇನ್ನೊಂದು ಇಲ್ಲಿ, ಹೀಗೆ ಎರಡೂ ಎಳೆ ಹತ್ತಿರ ಹತ್ತಿರ ಬರುತ್ತವೆ. ಕೊನೆ ಏನು ಅಂತ ನಾನು ಹೇಳುವುದಿಲ್ಲ. ಮುಗಿಸದೇ ಬಂದವರು ಯಾರ್ಯಾರು ಅಂತ ಮುಖ ನೋಡಿದರೇ ಗೊತ್ತಾಗುತ್ತಿದೆ.

ನಮ್ಮಲ್ಲಿ ಓಡಾಡಿದ್ದು ಒಂದೇ ಪ್ರತಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ಅಂಕೋಲೆ ಕಡೆಗೆ, ಮತ್ತೆ ವಾಪಸು. ಇಂಗ್ಲಿಷ್ ಓದಲು ಬರುವವರು ಓದಿದರು, ಉಳಿದವರಿಗೆ ಅವರು ಕೂತು ಕನ್ನಡದಲ್ಲಿ ಕಥೆ ಹೇಳಿದರು. ಪುಸ್ತಕ ತಿರುಗಿ ನನ್ನ ಕೈಗೆ ಬಂದಾಗ ಅದನ್ನೇ ಸ್ವಲ್ಪ ಹೊತ್ತು ತಿರುವಿ ನೋಡಿದೆ. ಓದುಗರ ಅಭಿಪ್ರಾಯ ಅರ್ಧ ಅಲ್ಲೇ ಇತ್ತು. ಹುಡುಗಿಯ ಬಾಲ್ಯದ ಪುಟಗಳ ಮೂಲೆಗಳೆಲ್ಲ ಮಡಚಿ ಮೆತ್ತಗಾಗಿದ್ದವು. ಒಂದು ಕಡೆ ಅರಿಸಿನದ ಬೆರಳಚ್ಚು. ಪೊಲೀಸರ ಅಧ್ಯಾಯಗಳಲ್ಲಿ ಯಾರೋ ಪೆನ್ಸಿಲಿನಲ್ಲಿ ಸಣ್ಣದಾಗಿ ಹೆಸರು ಬರೆದು, ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹತ್ತು ಪುಟ ಬಿಟ್ಟು ಅದೇ ಹೆಸರಿಗೆ ಗೀಟು ಎಳೆದಿದ್ದರು. ಕೋರ್ಟಿನ ಭಾಗದ ಹಾಳೆಗಳು ಮಾತ್ರ ಹೊಸದರ ಹಾಗೆ ಗರಿಗರಿ. ಅಂದರೆ ಅಲ್ಲಿ ಜನ ಓಡಿದ್ದಾರೆ. ಓಡಿದ್ದು ಕುತೂಹಲಕ್ಕೋ ಬೇಜಾರಿಗೋ ಅನ್ನುವುದು ಬೇರೆ ಮಾತು. ಒಬ್ಬ ಹುಡುಗ 1969ರ ಅಧ್ಯಾಯಗಳನ್ನಷ್ಟೇ ಮೊದಲು ಆರಿಸಿಕೊಂಡು ಓದಿ ಮುಗಿಸಿದ್ದನಂತೆ. 'ಆಮೇಲೆ ಹುಡುಗಿಯ ಕಥೆ ಓದಿದಾ?' ಅಂತ ಕೇಳಿದೆ. 'ಓದಿದೆ ಮೇಡಂ, ಆದರೆ ಆಗ ಅವಳ ಮೇಲೆ ಸಿಟ್ಟೇ ಬರಲಿಲ್ಲ, ಅನುಮಾನವೂ ಬರಲಿಲ್ಲ. ಬರೀ ಪಾಪ ಅನಿಸ್ತು' ಅಂದ. ಈ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ಜಿಲ್ಲೆಯ ಓದುಗರಲ್ಲಿ ಎರಡು ಪಂಗಡ ಆಯಿತು. ಜಾತಿ, ವಯಸ್ಸು, ಓದು ಯಾವುದರಿಂದಲೂ ಅಲ್ಲ. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು. ತಮಾಷೆ ಅಂದರೆ ಇಬ್ಬರನ್ನೂ ಸೇರಿಸುವುದು ಒಂದೇ ಹೊಳೆ. ಅಘನಾಶಿನಿ ಇಲ್ಲೇ ನಮ್ಮ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ಕುಮಟೆಯ ಹತ್ತಿರ ಸಮುದ್ರ ಸೇರುತ್ತದೆ. ಆ ಅಳಿವೆಗೆ 2024ರಲ್ಲಿ, ಜೌಗು ನೆಲ ಉಳಿಸುವ ಅಂತರರಾಷ್ಟ್ರೀಯ ಒಪ್ಪಂದದ ರಾಮ್‌ಸಾರ್ ಮಾನ್ಯತೆಯೂ ಬಂತು. ನಾವು ಮೇಲಿನವರು ಹೊಳೆ ಅಂದರೆ ಕಲ್ಲು, ಕಾಡು, ಜಲಪಾತ ಅಂದುಕೊಳ್ಳುತ್ತೇವೆ. ಕೆಳಗಿನವರಿಗೆ ಅದೇ ಹೊಳೆ ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಗಜನಿ ಅನ್ನುವ ಅಳಿವೆಯಂಚಿನ ಗದ್ದೆ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ, ಬಳಚು ಅನ್ನುವ ಚಿಪ್ಪು.

ಶಿರಸಿ ಕಡೆಯವರ ಮುಖ್ಯ ದೂರು ಏನು ಗೊತ್ತಾ? 'ಮಧ್ಯದಲ್ಲಿ ಬರೀ ನೀರು, ಹುಲ್ಲು, ಹಕ್ಕಿ. ಕಥೆ ಮುಂದೆ ಹೋಗೋದೇ ಇಲ್ಲ.' ಕೆಳಗಿನವರು ಇದಕ್ಕೆ ತದ್ವಿರುದ್ಧ. 'ನೀರಿನ ಭಾಗ ಚಲೋ ಇತ್ತು, ಕೋರ್ಟು ಬಂದ ಮೇಲೆ ಸಪ್ಪೆ.' ಒಂದೇ ಪುಸ್ತಕ, ಒಂದೇ ಪ್ರತಿ.

ಇವರಲ್ಲಿ ಒಬ್ಬರ ಮಾತು ನಾನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಅಳಿವೆಯ ದಂಡೆಯ ಊರಿನವರು, ವಯಸ್ಸಾದವರು. ಪುಸ್ತಕ ಓದಿದವರಲ್ಲ, ತಂಗಿಯ ಮಗಳ ಬಾಯಲ್ಲಿ ಕಥೆ ಕೇಳಿದವರು. ತಮ್ಮ ಕಾಲದಲ್ಲಿ ಇಳಿತ ನೋಡಿಕೊಂಡು ಹೊಳೆಗಿಳಿದು ಬಳಚು ಆಯ್ದವರು. ಕಾದಂಬರಿಯಲ್ಲಿ ಕಾಯಾ ಹೊಟ್ಟೆಪಾಡಿಗೆ ಮಾಡುವುದು ಹೆಚ್ಚು ಕಡಿಮೆ ಅದೇ ಕೆಲಸ. ನಸುಕಿಗೆ ಎದ್ದು ಕೆಸರಿನಲ್ಲಿ ಚಿಪ್ಪು ಆಯ್ದು, ಗೋಣಿ ತುಂಬಿ, ಜಂಪಿನ್ ಅನ್ನುವವರ ಅಂಗಡಿಗೆ ದೋಣಿಯಲ್ಲಿ ಒಯ್ದು ಮಾರುತ್ತಾಳೆ. ಬೇರೆಯವರೂ ಮಾರಲು ಬರುತ್ತಾರೆ. ಮೊದಲು ಬಂದವರ ಮಾಲು ಮೊದಲು. ಹಾಗಾಗಿ ಹುಡುಗಿ ದಿನ ದಿನಕ್ಕೆ ಇನ್ನೂ ಬೇಗ ಏಳುತ್ತಾಳೆ.

ಈ ಅಮ್ಮ ಕೇಳಿದ ಮೊದಲ ಪ್ರಶ್ನೆ ಕೊಲೆಯದಲ್ಲ. 'ಅಲ್ಲ ಮಗಾ, ಇಳಿತ ದಿನಾ ಒಂದೇ ಹೊತ್ತಿಗೆ ಇರ್ತದ್ಯಾ? ಅವಳು ಬೇಗ ಎದ್ದರೆ ಸಾಕಾ, ನೀರು ಇಳಿಬೇಕಲ್ಲ?' ಸರಿಯಾದ ಮಾತು. ಭರತ-ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಮುಂದೆ ಹೋಗುತ್ತದೆ. ಚಂದ್ರನ ಲೆಕ್ಕ ಅದು, ನಮ್ಮ ಗಡಿಯಾರದ್ದಲ್ಲ. ಇವತ್ತು ನಸುಕಿಗೆ ಸಿಕ್ಕ ಇಳಿತ ವಾರ ಕಳೆದರೆ ಮಧ್ಯಾಹ್ನದ ಹತ್ತಿರ ಹೋಗಿರುತ್ತದೆ. ಆಮೇಲೆ ಆಕೆ ಕೇಳಿದ್ದು, 'ಗೋಣಿಗೆ ಎಷ್ಟು ಕೊಡ್ತಿದ್ದ ಆ ಅಂಗಡಿಯವ? ಸೀಮೆಎಣ್ಣೆಗೆ ಉಳೀತಿತ್ತಾ?' ನೋಡಿ, ಆಕೆಗೆ ಉಸಿರು ಬಿಗಿಹಿಡಿಯುವಂತಾದದ್ದು ಅಲ್ಲಿ. ಹೆಣ ಯಾರು ಬೀಳಿಸಿದರು ಅನ್ನುವಲ್ಲಿ ಅಲ್ಲ. ಈ ಹುಡುಗಿಯ ಮನೆಯಲ್ಲಿ ಇವತ್ತು ರಾತ್ರಿ ಬೆಂಕಿಪೊಟ್ಟಣ ಇದೆಯೋ ಇಲ್ಲವೋ ಅನ್ನುವಲ್ಲಿ. ಕೊಲೆಯ ವಿಷಯ ಬಂದಾಗ ಆಕೆ ಸುಮ್ನೆ ಕೇಳಿಸಿಕೊಂಡರಂತೆ.

ಹೆಜ್ಜೆ ಗುರುತಿನ ವಿಷಯವೂ ಹೀಗೇ. ಹೆಣ ಬಿದ್ದ ಗೋಪುರದ ಸುತ್ತ ಬರೀ ಕೆಸರು. ಆದರೆ ಒಂದು ಹೆಜ್ಜೆಯೂ ಇಲ್ಲ, ಸತ್ತವನದೂ ಇಲ್ಲ. ಪೊಲೀಸರು ತಲೆ ಕೆರೆದುಕೊಳ್ಳುತ್ತಾರೆ. ನಮ್ಮ ಶಿರಸಿಯ ಓದುಗರೂ ಕೆರೆದುಕೊಂಡರು. ಒಬ್ಬರಂತೂ 'ಮೇಲಿಂದ ಹಗ್ಗ ಕಟ್ಟಿ ಇಳಿದಿರಬೇಕು' ಅಂತ ದೊಡ್ಡ ಸಿದ್ಧಾಂತವನ್ನೇ ಕಟ್ಟಿದರು. ಕೆಳಗಿನವರಿಗೆ ಅದು ಒಗಟೇ ಅಲ್ಲ. 'ಭರತ ಬಂದು ತೊಳೆದಿರ್ತದೆ, ಅದರಲ್ಲೇನಿದೆ' ಅಂದು ಪುಟ ತಿರುಗಿಸಿದ್ದಾರೆ.

ಮೇಲಿನವರಲ್ಲಿ ಒಬ್ಬ ಟೀಚರ್ ಇದ್ದರು. ಅವರಿಗೆ ಕಾಡಿದ್ದು ಶಾಲೆಯ ಪ್ರಸಂಗ. ಕಾಯಾ ಶಾಲೆಗೆ ಹೋಗುವುದು ಒಂದೇ ದಿನ. ಇಂಗ್ಲಿಷಿನಲ್ಲಿ ನಾಯಿ ಅನ್ನುವುದರ ಅಕ್ಷರ ಹೇಳು ಅಂದಾಗ ತಿರುವುಮುರುವು ಮಾಡಿ ದೇವರು ಅನ್ನುವ ಪದದ ಅಕ್ಷರ ಹೇಳುತ್ತಾಳೆ. ತರಗತಿ ನಗುತ್ತದೆ. ಅವಳು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಶಾಲೆಗೆ ಕರೆದೊಯ್ಯಲು ಬರುವವರ ಗಾಡಿ ಸದ್ದು ಕೇಳಿದರೆ ಬಚ್ಚಿಟ್ಟುಕೊಳ್ಳುತ್ತಾಳೆ. 'ಇಡೀ ಕಾದಂಬರಿಯಲ್ಲಿ ಎದೆ ಹೊಡೆದುಕೊಂಡಿದ್ದು ಅಲ್ಲೇ. ಅವಳು ಸಿಕ್ಕಿಬೀಳಲಿ ಅಂತ ಬೇಡಿಕೊಂಡೆ' ಅಂದರು ಟೀಚರ್. ಅವರ ಪಕ್ಕ ಕೂತ ಕಾಲೇಜು ಹುಡುಗಿ, 'ನಾನು ಸಿಗಬಾರದು ಅಂತ ಬೇಡಿಕೊಂಡೆ' ಅಂದಳು.

ಈ ಎರಡು ಪ್ರಾರ್ಥನೆಗಳಲ್ಲೇ ನಾನು ಇವತ್ತು ಹೇಳಬೇಕಾದ್ದು ಇದೆ. ಬೆಳೆಯುವ ಮಕ್ಕಳ ಕಥೆಯಲ್ಲಿ ಕುತೂಹಲ ಹುಟ್ಟುವುದು ಯಾರು ಮಾಡಿದರು ಅನ್ನುವುದರಿಂದ ಅಲ್ಲ. ಮಗುವಿಗೆ ಎಷ್ಟು ಗೊತ್ತು, ಓದುವವರಿಗೆ ಎಷ್ಟು ಗೊತ್ತು, ಇವೆರಡರ ನಡುವೆ ಇರುವ ಅಂತರದಿಂದ. ಆ ಅಂತರ ಓದುಗರಿಂದ ಓದುಗರಿಗೆ ಬೇರೆ. ಹಾಗಾಗಿ ಕುತೂಹಲವೂ ಬೇರೆ.

ನಮ್ಮ ಕನ್ನಡ ಓದುಗರಿಗೆ ಇಲ್ಲೊಂದು ಸಣ್ಣ ತೊಡಕಿದೆ. ನಮ್ಮಲ್ಲಿ ಕುತೂಹಲಕ್ಕೆ ಬೇರೆಯೇ ಕಪಾಟು. ಪತ್ತೇದಾರಿ ಅಂದರೆ ಎನ್. ನರಸಿಂಹಯ್ಯನವರು, ಅವರ ಪತ್ತೇದಾರ ಪುರುಷೋತ್ತಮ. ನಾಲ್ಕನೆಯ ಇಯತ್ತೆ ಓದಿದ ಮನುಷ್ಯ ನೂರಾರು ಕಾದಂಬರಿ ಬರೆದು ಸಾವಿರಾರು ಜನರಿಗೆ ಓದುವ ಚಟ ಹಿಡಿಸಿದರು. ಆ ಪುಸ್ತಕಗಳು ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಒಂದು ಕಡೆ, ಸಾಮಾಜಿಕ ಕಾದಂಬರಿಗಳು ಇನ್ನೊಂದು ಕಡೆ. ಮನೆಯಲ್ಲೂ ಹಾಗೇ. ಒಂದನ್ನು ಜಗಲಿಯಲ್ಲಿ ಕೂತು ಓದಬಹುದಿತ್ತು, ಇನ್ನೊಂದನ್ನು ಪಠ್ಯಪುಸ್ತಕದ ಒಳಗಿಟ್ಟು. ಈಗ ಒಂದೇ ಪುಸ್ತಕದಲ್ಲಿ ಹೆಣವೂ ಇದೆ, ಬಾಲ್ಯವೂ ಇದೆ ಅಂದಾಗ ಓದುಗರಿಗೆ ಇದನ್ನು ಹೇಗೆ ಓದಬೇಕು ಅಂತ ಅನುಮಾನ ಬರುತ್ತದೆ. 'ಪತ್ತೇದಾರಿ ಅಂತ ತಗೊಂಡೆ, ಹಕ್ಕಿಪಕ್ಷಿ ಬಂತು' ಅಂತ ದೂರಿದವರನ್ನು ನಾನು ದೂರುವುದಿಲ್ಲ.

ಕುತೂಹಲದ ಬಗ್ಗೆ ಹಿಚ್‌ಕಾಕ್ ಹೇಳಿದ ಒಂದು ಉದಾಹರಣೆ ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಮೇಜಿನ ಕೆಳಗೆ ಬಾಂಬ್ ಇದೆ. ಪ್ರೇಕ್ಷಕರಿಗೆ ಗೊತ್ತಿಲ್ಲದೆ ಅದು ಸಿಡಿದರೆ ಒಂದು ಗಳಿಗೆಯ ಬೆಚ್ಚು. ಬಾಂಬ್ ಇದೆ ಅಂತ ಮೊದಲೇ ತೋರಿಸಿ, ಕೂತವರು ಮಾತ್ರ ಸುಮ್ನೆ ಹರಟುತ್ತಿದ್ದರೆ, ಹರಟೆಯ ಒಂದೊಂದು ಮಾತೂ ನಮ್ಮನ್ನು ಚುಚ್ಚುತ್ತದೆ. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಮಗುವಿನ ಕಣ್ಣಿಂದ ಹೇಳುವ ಕಥೆಗೆ ಈ ಬಾಂಬು ಪುಕ್ಕಟೆ ಸಿಗುತ್ತದೆ. ಮಗುವಿಗೆ ಗೊತ್ತಿಲ್ಲದ್ದು ಹೇಗಿದ್ದರೂ ಬೇಕಾದಷ್ಟು ಇರುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ದೃಶ್ಯ ಇರುವುದು ಇನ್ನೊಂದು ಮೊದಲ ಕಾದಂಬರಿಯಲ್ಲಿ. ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್', 1960. ಸ್ಕೌಟ್ ಅನ್ನುವ ಹುಡುಗಿ ಕಥೆ ಹೇಳುತ್ತಾಳೆ. ಅಪ್ಪ ಅಟಿಕಸ್ ವಕೀಲ. ಮಾಡದ ಅಪರಾಧಕ್ಕೆ ಸಿಕ್ಕಿಬಿದ್ದ ಒಬ್ಬ ಕಪ್ಪು ಮನುಷ್ಯನ ಪರ ನಿಂತಿದ್ದಾನೆ. ರಾತ್ರಿ ಜೈಲಿನ ಬಾಗಿಲಲ್ಲಿ ಒಂದು ಕುರ್ಚಿ, ಒಂದು ದೀಪ ಇಟ್ಟುಕೊಂಡು ಕೂತಿರುತ್ತಾನೆ. ಕಾರುಗಳು ಬಂದು ನಿಲ್ಲುತ್ತವೆ. ಗಂಡಸರು ಇಳಿಯುತ್ತಾರೆ. ಯಾಕೆ ಬಂದಿದ್ದಾರೆ ಅಂತ ನಮಗೆ ಗೊತ್ತು. ಒಳಗಿರುವವನನ್ನು ಎಳೆದೊಯ್ದು ಕೊಲ್ಲಲು. ಸ್ಕೌಟ್‌ಗೆ ಗೊತ್ತಿಲ್ಲ. ಅವಳು ಗುಂಪಿನೊಳಗೆ ನುಗ್ಗಿ ಪರಿಚಯದ ಮುಖ ಹುಡುಕುತ್ತಾಳೆ. ಸಿಕ್ಕವರು ಕನಿಂಗ್‌ಹ್ಯಾಮ್. ಅವರ ಮಗ ಇವಳ ಶಾಲೆಯವನೇ. 'ವಾಲ್ಟರ್ ನನಗೆ ಗೊತ್ತು, ನಾನು ಕೇಳಿದೆ ಅಂತ ಹೇಳಿ' ಅನ್ನುವ ಧಾಟಿಯಲ್ಲಿ ಶುರು ಮಾಡುತ್ತಾಳೆ. ಅವರ ಜಮೀನಿನ ತಕರಾರನ್ನೂ ಎತ್ತುತ್ತಾಳೆ. ಎದುರಿನವರಿಗೆ ಅವರ ಆಸಕ್ತಿಯ ವಿಷಯವನ್ನೇ ಮಾತಾಡಬೇಕು ಅಂತ ಅಪ್ಪ ಹೇಳಿಕೊಟ್ಟಿದ್ದಾನಲ್ಲ! ಯಾರೂ ಉತ್ತರ ಕೊಡುವುದಿಲ್ಲ. ತಾನೇನೋ ತಪ್ಪು ಮಾತಾಡಿದೆ ಅಂತ ಅವಳಿಗೆ ಗಾಬರಿ. ಕೊನೆಗೆ ಆ ಮನುಷ್ಯ ಬಗ್ಗಿ ಅವಳ ಎರಡೂ ಭುಜ ಹಿಡಿದು, ಮಗನಿಗೆ ಹೇಳುತ್ತೇನೆ ಅನ್ನುತ್ತಾನೆ. ಎಲ್ಲರೂ ವಾಪಸು ಹೋಗುತ್ತಾರೆ.

ಇದನ್ನು ನಾನು ಬೇರೆ ಬೇರೆ ವಯಸ್ಸಿನವರ ಎದುರು ಓದಿ ಹೇಳಿದ್ದೇನೆ. ಹೈಸ್ಕೂಲು ಮಕ್ಕಳು ನಗುತ್ತಾರೆ. ಹುಡುಗಿ ದೊಡ್ಡವರ ಹಾಗೆ ಮಾತಾಡುವುದು ಅವರಿಗೆ ಮಜಾ. ಅದೇ ಸಾಲಿಗೆ ಅವರ ತಾಯಂದಿರು ಕೈಯನ್ನು ಗಟ್ಟಿ ಹಿಡಿದುಕೊಳ್ಳುತ್ತಾರೆ. ಎರಡೂ ಸರಿಯಾದ ಓದು. ಆ ಮಕ್ಕಳು ಸ್ಕೌಟ್ ಪಕ್ಕ ನಿಂತಿದ್ದಾರೆ, ತಾಯಂದಿರು ಅಟಿಕಸ್ ಪಕ್ಕ. ಆ ಪುಸ್ತಕ ಬಂದ ಹೊಸದರಲ್ಲಿ ಫ್ಲ್ಯಾನರಿ ಒ'ಕಾನರ್, ಅವರೂ ದೊಡ್ಡ ಕಥೆಗಾರ್ತಿ, ಒಂದು ಪತ್ರದಲ್ಲಿ ಸ್ವಲ್ಪ ಮೂಗು ಮುರಿದು ಬರೆದಿದ್ದರು. ಇದು ಮಕ್ಕಳ ಪುಸ್ತಕ, ಕೊಳ್ಳುವವರಿಗೆ ಅದು ಗೊತ್ತಿಲ್ಲ ಅನ್ನುವ ಅರ್ಥದಲ್ಲಿ. ಅವರ ಮೇಲೆ ಗೌರವ ಇಟ್ಟುಕೊಂಡೇ ನಾನು ಒಪ್ಪುವುದಿಲ್ಲ. ಮಕ್ಕಳ ಪುಸ್ತಕ ಆಗಿದ್ದರೆ ದೊಡ್ಡವರ ಕೈ ಗಟ್ಟಿಯಾಗುತ್ತಿರಲಿಲ್ಲ.

ಇನ್ನೊಂದು ಗಮನಿಸಿ. ಆ ಕಾದಂಬರಿ ಶುರುವಾಗುವುದೇ ಅಣ್ಣನ ಕೈ ಮುರಿದ ಸುದ್ದಿಯಿಂದ. ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತಾರೆ. ಆದರೆ ಆ ಕೈ ಮುರಿಯುವುದು 31 ಅಧ್ಯಾಯಗಳ ಪುಸ್ತಕದ 28ನೆಯ ಅಧ್ಯಾಯದಲ್ಲಿ. ನಡುವೆ ನಾವು ಕೈ ಮುರಿಯುವುದನ್ನು ಮರೆತೇ ಬಿಟ್ಟಿರುತ್ತೇವೆ, ಅಲ್ವಾ?

ಕೊನೆ ಮೊದಲೇ ಗೊತ್ತಾದರೆ ಮಜಾ ಹೋಗುತ್ತದೆ ಅನ್ನುವವರು ನಮ್ಮ ಕೂಟದಲ್ಲೂ ಬಹಳ. ಒಬ್ಬರು ಕೊನೆ ಹೇಳಿಬಿಟ್ಟರು ಅಂತ ಇನ್ನೊಬ್ಬರು ಮಾತು ಬಿಟ್ಟಿದ್ದೂ ಉಂಟು. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋದಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದರು. 12 ಸಣ್ಣಕಥೆಗಳು. ಕೆಲವರಿಗೆ ಕೊನೆ ಮೊದಲೇ ಹೇಳಿ ಓದಲು ಕೊಟ್ಟರು, ಕೆಲವರಿಗೆ ಹೇಳದೆ. ಕೊನೆ ಗೊತ್ತಿದ್ದವರೇ ಒಟ್ಟಿನಲ್ಲಿ ಹೆಚ್ಚು ಮೆಚ್ಚಿದರು. ಪತ್ತೇದಾರಿ ಕಥೆಗಳಲ್ಲೂ! ಆಮೇಲೆ ಬೇರೆಯವರು ಮಾಡಿದ ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧ ಫಲಿತಾಂಶವೂ ಬಂದಿದೆ ಅನ್ನಿ. ಹಾಗಾಗಿ ಮಾತು ಬಿಟ್ಟವರು ಮತ್ತೆ ಶುರು ಮಾಡಬೇಕೋ ಬೇಡವೋ ಅಂತ ವಿಜ್ಞಾನ ಇನ್ನೂ ತೀರ್ಪು ಕೊಟ್ಟಿಲ್ಲ.

ನಮ್ಮ ಜಿಲ್ಲೆಯವರಿಗೆ ಈ ಪರೀಕ್ಷೆ ಬೇಕಾಗಿಯೂ ಇರಲಿಲ್ಲ. ಯಕ್ಷಗಾನದ ಗದಾಯುದ್ಧದ ಆಟಕ್ಕೆ ಹೋಗಿ ಬೆಳಗಿನ ಜಾವದ ತನಕ ಚಳಿಯಲ್ಲಿ ಕೂರುವವರಲ್ಲಿ ಕೌರವ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರು? ಸರೋವರದೊಳಗೆ ಅಡಗಿದವನು ಭೀಮನ ಬೈಗುಳ ಕೇಳಿ ಹೇಗೆ ಎದ್ದು ಬರುತ್ತಾನೆ, ಇವತ್ತಿನ ವೇಷಧಾರಿ ಅದನ್ನು ಎಷ್ಟು ಹೊತ್ತು ತಡೆದು ಹಿಡಿಯುತ್ತಾನೆ, ಇದಕ್ಕಾಗಿ ಕಾಯುತ್ತಾರೆ. ಕೌರವನಿಗೆ ತನ್ನ ತೊಡೆಯ ಗತಿ ಗೊತ್ತಿಲ್ಲ, ನಮಗೆ ಗೊತ್ತು. ಅದೇ ಅಂತರ.

ಹಾಗಾದರೆ ಕ್ರಾಡ್ಯಾಡ್ಸ್ ಕೊನೆಯ ಬಗ್ಗೆ ಓದುಗರು ಯಾಕೆ ಇಷ್ಟು ಜಗಳ ಆಡಿದರು? ಅರ್ಧ ಜನ 'ಭೇಷ್' ಅಂದರು, ಅರ್ಧ ಜನ 'ಮೋಸ' ಅಂದರು. ಮೋಸ ಅಂದವರಿಗೂ ಅದು ಯಾಕೆ ಮೋಸ ಅಂತ ಹೇಳಲು ಕಷ್ಟವಾಯಿತು. ನನಗೆ ಕಾಣುವುದು ಇಷ್ಟು. ಲೇಖಕಿ ನಮ್ಮನ್ನು ಇಡೀ ಪುಸ್ತಕ ಕಾಯಾಳ ಮನಸ್ಸಿನ ಒಳಗೇ ಇಟ್ಟಿದ್ದಾರೆ. ಅವಳ ಹಸಿವು, ನಾಚಿಕೆ, ಟೇಟ್ ಅನ್ನುವ ಹುಡುಗ ಅಕ್ಷರ ಕಲಿಸಿದಾಗಿನ ಖುಷಿ, ಎಲ್ಲ ನಮಗೆ ಗೊತ್ತು. ಮುಖ್ಯವಾದ ಒಂದನ್ನು ಮಾತ್ರ ಬೇಕಂತಲೇ ಮುಚ್ಚಿಟ್ಟಿದ್ದಾರೆ. ಹುಡುಗಿಗೆ ಗೊತ್ತು, ನಮಗೆ ಗೊತ್ತಿಲ್ಲ. ಅಂತರ ತಿರುವುಮುರುವಾಯಿತು. ಸ್ಕೌಟ್ ಹಾಗೆ ಮಾಡುವುದಿಲ್ಲ. ತನಗೆ ಆಗ ಗೊತ್ತಿದ್ದುದನ್ನೆಲ್ಲ ನಮಗೆ ಕೊಡುತ್ತಾಳೆ, ಅರ್ಥ ಮಾಡಿಕೊಳ್ಳುವುದು ನಮ್ಮ ಪಾಲು. 1969ರ ಅಧ್ಯಾಯ ಮೊದಲು ಓದಿದ ಆ ಹುಡುಗ ಅನುಮಾನವೇ ಬರಲಿಲ್ಲ ಅಂದನಲ್ಲ, ಅವನು ತನಗೆ ತಿಳಿಯದೆಯೇ ಲೇಖಕಿಯ ಹೆಣಿಗೆಯನ್ನು ಬಿಚ್ಚಿ ನೋಡಿದ್ದಾನೆ. ಎರಡು ಎಳೆಗಳನ್ನು ಪಕ್ಕಪಕ್ಕ ಇಟ್ಟದ್ದರಿಂದಲೇ ಅನುಮಾನ ಹುಟ್ಟುವುದು. ಬೇರೆ ಮಾಡಿದರೆ ಅನುಮಾನ ಹೋಯಿತು, ಮರುಕ ಉಳಿಯಿತು.

ಜಂಪಿನ್ ಮತ್ತು ಅವನ ಹೆಂಡತಿ ಮೇಬಲ್ ಬಗ್ಗೆಯೂ ಒಬ್ಬರು ತಕರಾರು ತೆಗೆದರು. ಕಪ್ಪು ಜನರಾದ ಅವರಿಬ್ಬರಿಗೂ ಈ ಹುಡುಗಿಗೆ ಸಹಾಯ ಮಾಡುವುದು ಬಿಟ್ಟು ಬೇರೆ ಬದುಕೇ ಇಲ್ಲವೇ ಅಂತ. ಒಳ್ಳೇ ಪ್ರಶ್ನೆ. ನಮ್ಮ ಕಾದಂಬರಿಗಳಲ್ಲಿ ಬರುವ ನಿಯತ್ತಿನ ಆಳುಗಳ ಬಗ್ಗೆಯೂ ಇದನ್ನೇ ಕೇಳಬೇಕು. ಅದು ಇನ್ನೊಂದು ದಿನದ ಮಾತು.

ಈಗ ಓದುಗರ ಮಾತಿಗೆ ಎಷ್ಟು ಬೆಲೆ ಅನ್ನುವುದಕ್ಕೆ ಬರುತ್ತೇನೆ. ಹಾರ್ಪರ್ ಲೀ ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯ ಟಿಕೆಟ್ ಕೆಲಸ ಮಾಡುತ್ತಿದ್ದವರು. 1956ರ ಕ್ರಿಸ್‌ಮಸ್‌ಗೆ ಸ್ನೇಹಿತ ದಂಪತಿ ಒಂದು ಲಕೋಟೆ ಕೊಟ್ಟರು. ಒಂದು ವರ್ಷ ಕೆಲಸ ಬಿಟ್ಟು ಬರಿ, ಖರ್ಚು ನಮ್ಮದು ಅಂತ. 1957ರಲ್ಲಿ ಹಸ್ತಪ್ರತಿ ಲಿಪಿನ್‌ಕಾಟ್ ಪ್ರಕಾಶನಕ್ಕೆ ಹೋಯಿತು. ಅಲ್ಲಿ ಓದಿದವರು ಟೇ ಹೋಹಾಫ್ ಅನ್ನುವ ಸಂಪಾದಕಿ. ಬರೆಯುವ ಕಸುವು ಇದೆ, ಆದರೆ ಇದಿನ್ನೂ ಕಾದಂಬರಿ ಆಗಿಲ್ಲ, ಬಿಡಿ ಬಿಡಿ ಪ್ರಸಂಗಗಳಾಗಿವೆ ಅನ್ನುವುದು ಅವರ ಅಭಿಪ್ರಾಯ. ಆ ಹಸ್ತಪ್ರತಿಯಲ್ಲಿ ಸ್ಕೌಟ್ ದೊಡ್ಡವಳು, ಊರಿಗೆ ವಾಪಸು ಬಂದವಳು. ಬಾಲ್ಯ ಅಲ್ಲಲ್ಲಿ ನೆನಪಾಗಿ ಬರುತ್ತಿತ್ತು. ಆ ಬಾಲ್ಯವನ್ನೇ ಹಿಡಿದು ಮತ್ತೆ ಬರೆಯಲು ಹೋಹಾಫ್ ಹಚ್ಚಿದರು. ಎರಡು ವರ್ಷಕ್ಕೂ ಮಿಕ್ಕಿ ತಿದ್ದುಪಡಿ ನಡೆಯಿತು. ಒಮ್ಮೆ ಲೀ ಬೇಸತ್ತು ಹಸ್ತಪ್ರತಿಯನ್ನು ಕಿಟಕಿಯಿಂದ ಹಿಮಕ್ಕೆ ಎಸೆದು ಫೋನ್ ಮಾಡಿದರಂತೆ, ಹೋಹಾಫ್ 'ಹೋಗಿ ಹೆಕ್ಕಿಕೊಂಡು ಬಾ' ಅಂದರಂತೆ. ಹೀಗೊಂದು ಕಥೆ ಹೇಳುತ್ತಾರೆ. 1960ರ ಜುಲೈಯಲ್ಲಿ ಪುಸ್ತಕ ಬಂತು, ಮರುವರ್ಷ ಪುಲಿಟ್ಜರ್ ಬಂತು.

ಆ ಹಳೆಯ ಹಸ್ತಪ್ರತಿ 2015ರಲ್ಲಿ ಬೇರೆಯೇ ಪುಸ್ತಕವಾಗಿ ಹೊರಬಂದಾಗ ಓದುಗರು ಕಂಗಾಲಾದರು. ಅದರಲ್ಲಿ ಅಟಿಕಸ್ ಮುದುಕ, ಕಪ್ಪು ಜನರಿಗೆ ಸಮಾನ ಹಕ್ಕು ಕೊಡುವುದನ್ನು ವಿರೋಧಿಸುವವನು. ಮಕ್ಕಳಿಗೆ ಅಟಿಕಸ್ ಅಂತ ಹೆಸರಿಟ್ಟವರಿದ್ದರು ಅಮೆರಿಕದಲ್ಲಿ! ಒಂದು ಪುಸ್ತಕದಂಗಡಿಯಂತೂ ಕೊಂಡವರಿಗೆ ಹಣ ವಾಪಸು ಕೊಡಲು ಮುಂದಾಯಿತು. ನನಗೆ ಅದನ್ನು ಓದಿದಾಗ ಅನಿಸಿದ್ದು, ಇಷ್ಟು ವರ್ಷ ಅಟಿಕಸ್‌ನನ್ನು ನಾವು ನೋಡಿದ್ದು ಎಂಟು ವರ್ಷದ ಮಗಳ ಕಣ್ಣಿಂದ. ಎಂಟು ವರ್ಷದ ಮಗಳಿಗೆ ಅಪ್ಪ ಹೇಗೆ ಕಾಣುತ್ತಾನೆ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ. ಓದುಗರು ಅರ್ಧ ಶತಮಾನ ಸ್ಕೌಟ್ ಪಕ್ಕದಲ್ಲೇ ನಿಂತುಬಿಟ್ಟಿದ್ದರು.

ನಮ್ಮಲ್ಲಿ ಮೊದಲ ಕಾದಂಬರಿ ಬರೆದವರಿಗೆ ಏನು ಸಿಗುತ್ತದೆ? ಬಿಡುಗಡೆಯ ದಿನ ಶಾಲು, ಹಣ್ಣಿನ ಬುಟ್ಟಿ, ನಾಲ್ಕು ಜನ ವೇದಿಕೆ ಮೇಲೆ. ಆಮೇಲೆ 'ಓದಿದೆ, ಚಲೋ ಬಂದಿದೆ' ಅಂತ ಒಂದು ವಾಟ್ಸಾಪ್. ಅದಕ್ಕೊಂದು ಕೈಮುಗಿಯುವ ಚಿತ್ರ. ಅಲ್ಲಿಗೆ ಮುಗಿಯಿತು. ಬರೆದವರು ಒಬ್ಬ ಹೋಹಾಫ್‌ಗಾಗಿ ಕಾಯುತ್ತಿರುತ್ತಾರೆ, ಸಿಗುವುದು ಮಾತ್ರ ಅಭಿನಂದನೆ. ದಯವಿಟ್ಟು ಇನ್ನು ಮುಂದೆ ಹೀಗೆ ಹೇಳಿ: ಯಾವ ಪುಟದಲ್ಲಿ ಪುಸ್ತಕ ಕೆಳಗಿಟ್ಟಿರಿ, ಎಲ್ಲಿ ಹಾರಿಸಿದಿರಿ, ಯಾರ ಮೇಲೆ ಅನುಮಾನ ಬಂತು, ಅದು ಎಲ್ಲಿ ಹೋಯಿತು. ಪೆನ್ಸಿಲಿನಲ್ಲಿ ಹೆಸರು ಬರೆದು ಗೀಟು ಎಳೆದ ಆ ಪುಣ್ಯಾತ್ಮರು ಯಾರೋ, ಅವರು ಲೇಖಕರಿಗೆ ಕೊಡಬಹುದಾದಷ್ಟು ನಾಲ್ಕು ಭಾಷಣಗಳು ಕೊಡುವುದಿಲ್ಲ. ನನ್ನ ಭಾಷಣವನ್ನೂ ಸೇರಿಸಿ.

ಸಣ್ಣ ಊರಿನ ಓದಿಗೆ ಇನ್ನೊಂದು ಚಟ ಇದೆ. ಮೊದಲ ಕಾದಂಬರಿ, ಅದರಲ್ಲೂ ಬಾಲ್ಯದ ಕಥೆ ಅಂದ ಕೂಡಲೇ ನಾವು ಕಥೆಯೊಳಗಿನ ರಹಸ್ಯ ಬಿಟ್ಟು ಹೊರಗಿನ ರಹಸ್ಯ ಹುಡುಕುತ್ತೇವೆ. 'ಆ ಸೋದರಮಾವ ಅಂದರೆ ಇಂಥವರೇ ಅಲ್ವಾ?' ಅಮೆರಿಕದಲ್ಲೂ ಮಾಡಿದರು ಅನ್ನಿ. ಸ್ಕೌಟ್‌ಳ ಗೆಳೆಯ ಡಿಲ್ ಅನ್ನುವ ಹುಡುಗ ಲೀಯವರ ಬಾಲ್ಯದ ನೆರೆಮನೆಯ, ಆಮೇಲೆ ತಾನೂ ಲೇಖಕನಾದ ಟ್ರೂಮನ್ ಕಪೋಟಿ ಅನ್ನುವುದು ಲೋಕಕ್ಕೆಲ್ಲ ಗೊತ್ತು. ಆದರೆ ನಮ್ಮಲ್ಲಿ ಈ ಪತ್ತೇದಾರಿಕೆ ಅಪಾಯಕ್ಕೂ ಹೋಗಬಹುದು. ಬರೆಯುವ ಹುಡುಗಿಯರು ಇದಕ್ಕೆ ಹೆದರಿ ಊರಿನ ಹೆಸರು ಬದಲಿಸುತ್ತಾರೆ, ಹೊಳೆಯ ಹೆಸರು ಬದಲಿಸುತ್ತಾರೆ, ಕೊನೆಗೆ ಕಥೆಯನ್ನೇ ಬೆಂಗಳೂರಿಗೆ ಒಯ್ಯುತ್ತಾರೆ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತು ಹನೇಹಳ್ಳಿಯನ್ನು ಬರೆದರು. ಆ ದೂರ ಅವರಿಗೆ ಸ್ವಲ್ಪ ಅನುಕೂಲವೂ ಆಗಿರಬೇಕು.

ನನ್ನ ಮಾತು ಇಲ್ಲಿಗೆ ಮುಗಿಯಬೇಕಿತ್ತು. ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದ್ದು.

'ಮೇಡಂ, ಕಾಯಾ ನಮ್ಮ ಅಘನಾಶಿನಿ ದಂಡೆಯಲ್ಲಿ ಇದ್ದಿದ್ದರೆ ಅವಳನ್ನು ಒಬ್ಬಳೇ ಇರೋಕೆ ಬಿಡ್ತಿದ್ರಾ?'

ಸಭೆ ಗಲಾಟೆ ಎದ್ದಿತು. ಇಲ್ಲ ಅಂದರು ಎಲ್ಲರೂ. ಎರಡೇ ದಿನಕ್ಕೆ ಯಾರಾದರೂ ಗಂಜಿ ತಂದುಕೊಡುತ್ತಿದ್ದರು ಅಂದರು ಒಬ್ಬರು. ಗಂಜಿಯ ಜೊತೆ ನಾಲ್ಕು ಮಾತನ್ನೂ ತರುತ್ತಿದ್ದರು ಅಂದರು ಇನ್ನೊಬ್ಬರು. ಆಶ್ರಮಕ್ಕೆ ಸೇರಿಸುತ್ತಿದ್ದರು, ಹದಿನೆಂಟಕ್ಕೆ ಮದುವೆ ಮಾಡುತ್ತಿದ್ದರು, ಹೀಗೆ.

ನಾನು ಕೊಟ್ಟ ಉತ್ತರ ಇದು. ಅವರ ಕಥೆಯಲ್ಲಿ ಭಯ ಹುಟ್ಟುವುದು ಹುಡುಗಿಯನ್ನು ಯಾರೂ ನೋಡುತ್ತಿಲ್ಲ ಅನ್ನುವ ಕಾರಣಕ್ಕೆ. ನಮ್ಮ ಕಥೆಯಲ್ಲಿ ಎಲ್ಲರೂ ನೋಡುತ್ತಿದ್ದಾರೆ ಅನ್ನುವ ಕಾರಣಕ್ಕೆ. ಚಿತ್ತಾಲರ ಮೊದಲ ಕಾದಂಬರಿ 'ಮೂರು ದಾರಿಗಳು' ಬಂದದ್ದು 1964ರಲ್ಲಿ. 1981ರಲ್ಲಿ ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಅಲ್ಲಿ ಒಂದು ಹುಡುಗಿಯ ಮೇಲೆ ಅಪವಾದ ಬರುತ್ತದೆ, ಊರು ಅದನ್ನು ಬಾಯಿಂದ ಬಾಯಿಗೆ ಬೆಳೆಸುತ್ತದೆ. ಅಲ್ಲಿ ಜೌಗು ಬೇಡ, ಗೋಪುರ ಬೇಡ. ಜಗಲಿಗಳಿದ್ದರೆ ಸಾಕು. ಓದುವ ನಮಗೆ ಹುಡುಗಿಯ ತಪ್ಪಿಲ್ಲ ಅಂತ ಗೊತ್ತು. ಊರಿಗೂ ಒಳಗೊಳಗೆ ಗೊತ್ತೇನೋ ಅನಿಸುತ್ತದೆ. ಅದನ್ನು ಗಟ್ಟಿಯಾಗಿ ಯಾರು ಹೇಳುತ್ತಾರೆ ಅಂತಲೇ ನಾವು ಪುಟ ತಿರುಗಿಸುವುದು.

'ಹಾಗಾದರೆ ಮುಂದಿನ ತಿಂಗಳು ಅದನ್ನೇ ಓದೋಣ' ಅಂದಳು ಹುಡುಗಿ. ಒಂದಕ್ಕಿಂತ ಜಾಸ್ತಿ ಪ್ರತಿ ಸಿಗುತ್ತಾ ನೋಡಬೇಕು. ಸಿಗದಿದ್ದರೆ ಮೊದಲು ಕುಮಟೆಗೆ ಕಳಿಸೋಣ. ಹೋದ ಸಲ ಮೇಲಿನವರೇ ಮೊದಲು ಇಟ್ಟುಕೊಂಡಿರಿ ಅಂತ ಅವರ ದೂರು ಇನ್ನೂ ನಿಂತಿಲ್ಲ.